ಸೊನ್ನೆಯ ಕೆಳಗಿಳಿದ ಪಲ್ಲವಿ

ಹೆಲೆನ ಸಿಸ್ಟರ್ ದನಿ ಎತ್ತಿದರೆ ಸತ್ತವನೂ ಒಮ್ಮೆ ಎದ್ದು ಕೂತು, ಗುಳಿಗೆ ನುಂಗಿ, ಆಮೇಲೆ ಸಾವಕಾಶವಾಗಿ ಸಾಯುತ್ತಿದ್ದ ಎಂದು ಭಾಲ್ಕಿಯಲ್ಲಿ ಒಂದು ಮಾತಿತ್ತು. ಮಾತು ಸುಳ್ಳಿರಬಹುದು, ದನಿ ಸುಳ್ಳಲ್ಲ. ಭಾಲ್ಕಿಯ ಆಸ್ಪತ್ರೆಯಲ್ಲಿ ತಲೆ ನರೆಯುವ ತನಕ ನರ್ಸ್ ಆಗಿ ದುಡಿದವಳು ಅವಳು. ಸೂಜಿ ಕಂಡು ಮಂಚದ ಕೆಳಗೆ ಸೇರಿಕೊಂಡ ಪೈಲವಾನರನ್ನು ಕಾಲು ಹಿಡಿದು ಹೊರಗೆಳೆದು, "ಸುಮ್ಮನ ಚುಚ್ಚಿಸ್ಕೋತೀಯೊ, ನಿನ್ನ ಹೇಂತಿನ್ನ ಕರೀಲೊ?" ಎಂದು ಕೇಳುತ್ತಿದ್ದಳು. ಎಲ್ಲರೂ ಸೂಜಿಯನ್ನೇ ಆರಿಸಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಬೀದರಿಗೆ ಬಂದು ನೆಲೆಸಿದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಸ್ವೀಟಿ ಕಮಲನಗರದಲ್ಲಿ ಟೀಚರ್, ಹಬ್ಬಕ್ಕೆ ಬರುತ್ತಾಳೆ, ಜಗಳಾಡಿ ಹೋಗುತ್ತಾಳೆ. ಹೆಲೆನಳಿಗೆ ಅದರ ಕೊರಗೇನೂ ಇರಲಿಲ್ಲ. ಅವಳಿಗೆ ತನ್ನದು ಎಂದು ಬೇಕಾಗಿದ್ದದ್ದು ಚರ್ಚಿನೊಳಗಿನ ಒಂದು ಕಲ್ಲು ಮಾತ್ರ.

ಚರ್ಚಿನ ಹೆಸರು ಹೇಳುವುದಿಲ್ಲ. ಹೇಳಿದರೆ ಕಮಿಟಿಯವರು ನನ್ನನ್ನು ಫ್ಯಾನಿಲ್ಲದ ಬೆಂಚಿಗೆ ಕಳಿಸುತ್ತಾರೆ. ಬೀದರಿನ ಒಂದು ಅಂಚಿನಲ್ಲಿದೆ, ಜನವಾಡದ ಕಡೆಯಿಂದಲೂ ಭಾಲ್ಕಿ, ಔರಾದದ ಕಡೆಯಿಂದಲೂ ಬಂದು ನೆಲೆಸಿದ ಮನೆಗಳೇ ಅದರ ಸಭೆ, ಅಷ್ಟು ಸಾಕು. ವೇದಿಕೆಯ ಎಡಕ್ಕೆ ಒಂದು ಹಾಸುಗಲ್ಲು. ಆ ಕಲ್ಲಿನ ಮೇಲೆ ನಿಂತು ಒಬ್ಬರು ಹಾಡಿನ ಒಂದೊಂದೇ ಸಾಲನ್ನು ಮುಂಚಿತವಾಗಿ ಗಟ್ಟಿಯಾಗಿ ಹೇಳಿಕೊಡಬೇಕು. ಆ ಸಾಲನ್ನು ಹಿಡಿದು ಸಭೆ ಹಾಡಬೇಕು. ಓದಲು ಬಾರದವರೇ ತುಂಬಿದ್ದ ಕಾಲದ ಪದ್ಧತಿ ಇದು. ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ಹೆಲೆನಳ ಅಪ್ಪ ಹೊಲದ ಆಳು. ಅಕ್ಷರವೆಂದರೆ ಎಮ್ಮೆಯೋ ಕೋಣವೋ ಎಂದು ಅರಿಯದವನು, ಆದರೂ ಹಾಡುಗಳನ್ನೆಲ್ಲ ಕಿವಿಯಿಂದಲೇ ಕಲಿತು ತಗಡಿನ ಚರ್ಚಿನಲ್ಲಿ ಸಾಲು ಹೇಳಿಕೊಡುತ್ತಿದ್ದ. ಮಗಳಿಗೆ ಬಂದದ್ದು ಆ ದನಿ, ಆ ಜಂಬ. ಈಗ ಎಲ್ಲರಿಗೂ ಓದಲು ಬರುತ್ತದೆ, ಬಾರದವರು ಬರುವಂತೆ ಮುಖ ಮಾಡುತ್ತಾರೆ. ಆದರೂ ಹೆಲೆನ ಸಾಲು ಹೇಳದೆ ನಮ್ಮವರ ಬಾಯಿ ತೆರೆಯದು. ಬೇಳೆ ಬೆಂದರೂ ಉಪ್ಪು ಬೀಳದೆ ತಟ್ಟೆಗೆ ಬಾರದಲ್ಲ, ಹಾಗೆ.

ಇಂಥ ಚರ್ಚಿಗೆ ಬಾಗಿಲಿನಷ್ಟು ದೊಡ್ಡ ಟಿವಿ ಬಂತು. ದಾನವಾಗಿ ಬಂದ ಟಿವಿಯನ್ನು ವೇದಿಕೆಯ ಗೋಡೆಗೆ ಜಡಿದರು. ಅದೇ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿಯ ಕಾರ್ಯದರ್ಶಿ ಜೇಮ್ಸ ಅಂಗಳದಲ್ಲಿ ಹೆಲೆನಳನ್ನು ಅಡ್ಡಗಟ್ಟಿದ. ಜೇಮ್ಸ ಒಗ್ಗಟ್ಟಿನ ಮೇಲೆ ಭಾಷಣ ಮಾಡುವುದರಲ್ಲಿ ಎತ್ತಿದ ಕೈ. ತಾನೂ ತಮ್ಮ ಜಾನಿಯೂ ಒಂದೇ ಒಲೆಯ ಅನ್ನ ಉಣ್ಣುತ್ತೇವೆ, ಒಡೆಯದ ಮನೆ ನಮ್ಮದು, ನೋಡಿ ಕಲಿಯಿರಿ ಎಂದು ವರ್ಷಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಹೊಟ್ಟೆ ಉಬ್ಬರಿಸುತ್ತಿತ್ತು.

"ಸಿಸ್ಟರ್, ಇನ್ನ ನೀವು ಆರಾಮ ಕೂಡ್ರಿ. ಸಾಲು ಎಲ್ಲಾ ಟಿವಿದಾಗ ಬರ್ತಾವ."

"ಟಿವಿ ಯಾರು ಓಡಸ್ತಾರ?"

"ನಮ್ಮ ಮನಿಯಾಕಿ ತಮ್ಮ ಅದಾನಲ್ರಿ, ಅಂವಾ."

"ಅಂವಾನಾ? ಬಿರಿಯಾನಿ ಇದ್ದ ದಿನ ಬಿಟ್ಟು ಚರ್ಚಿನ ಹೊಸ್ತಿಲ ತುಳದಾನೇನು ಅಂವಾ? ಎರಡನೇ ಚರಣ ಯಾವುದು, ಮೂರನೇದು ಯಾವುದು ಗೊತ್ತದೇನು ಅಂವಗ?"

"ಅಂವಗ ಕಂಪ್ಯೂಟರ್ ಬರ್ತದರಿ. ನಿಮಗ ಬರ್ತದೇನು?"

ಸುತ್ತ ನಿಂತವರು ನಕ್ಕರು. ಹೆಲೆನ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಜೇಮ್ಸನನ್ನು ಥರ್ಮಾಮೀಟರಿನ ಹಾಗೆ ಮೇಲಿಂದ ಕೆಳಗೆ ನೋಡಿದಳು.

"ಸುಗ್ಗಿ ಹಬ್ಬಕ್ಕ ನಾನs ಓಡಸ್ತೇನಿ. ನನ್ನ ಕಲ್ಲಿನ ಮ್ಯಾಲ ನಿಂತು ಸಾಲೂ ಹೇಳ್ತೇನಿ, ಟಿವೀನೂ ಓಡಸ್ತೇನಿ."

"ಓಡಿಸಿ ತೋರಸ್ರಿ. ತಪ್ಪಿಲ್ದ ನಡೀತು ಅಂದ್ರ ಕಲ್ಲು ನಿಮ್ಮದು. ತಪ್ಪಿತು ಅಂದ್ರ ಬೆಂಚಿನ ಮ್ಯಾಲ ಕೂಡಬೇಕು."

"ಕರಾರು," ಎಂದಳು ಹೆಲೆನ. ಎಲ್ಲರ ಎದುರಿಗೆ.

ಮರುದಿನವೇ ಚೌಬಾರದ ಹತ್ತಿರದ ವಹೀದಾಳ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕೂತಳು. ಈ ಕಥೆಯ ಅರ್ಧವನ್ನು ನನಗೆ ಹೇಳಿದವಳು ವಹೀದಾ. ಉಳಿದರ್ಧ ನಾನೇ ಹಿಂದಿನ ಬೆಂಚಿನಿಂದ ಕಂಡದ್ದು. ವಹೀದಾ ಭಾಲ್ಕಿಯವಳು, ಅವಳ ತಾಯಿಯ ಹೆರಿಗೆ ಮಾಡಿಸಿದವಳು ಹೆಲೆನ. ಕುರ್ಚಿ ಎಳೆದುಕೊಂಡು ಹೆಲೆನ ಮೊದಲು ಆಡಿದ ಮಾತು ಇದು: "ನೋಡು ವಹೀದಾ, ನಿನ್ನ ಮೊಟ್ಟ ಮೊದಲ ಸಲ ಅಳಸಿದಾಕಿ ನಾನು. ಆ ಸೇಡು ಈಗ ತೀರಸ್ಕೋಬ್ಯಾಡ."

"ತೀರಿಸ್ಕೋತೇನಿ ಖಾಲಾ," ಎಂದಳು ವಹೀದಾ, ಹೆಲೆನ ಅವಳಿಗೆ ಚಿಕ್ಕಮ್ಮನ ಸಮ. "ನೀವು ಅಂಗಾಲಿಗೆ ಹೊಡದಿದ್ರಿ ಅಂತ ಅಮ್ಮಿ ಇನ್ನಾ ಹೇಳ್ತಾಳ."

ವೆಬ್ ಪುಟ ಮಾಡುವುದು, ಅದರಲ್ಲಿ ಅಕ್ಷರ ಕೂಡಿಸುವುದು ಹೆಲೆನಳಿಗೆ ಬೇಗನೆ ಕೈವಶವಾಯಿತು. ಆಮೇಲೆ ಆ ಪುಟಕ್ಕೆ ಆಜ್ಞೆ ಕೊಡುವ ಪಾಠ, ಸ್ಕ್ರಿಪ್ಟು, ಶುರುವಾಯಿತು. ಸುಗ್ಗಿ ಹಬ್ಬದ ಹಾಡಿಗೆ ಐದು ಚರಣ. ಪ್ರತಿ ಚರಣದ ಬೆನ್ನಿಗೆ ಎರಡು ಸಾಲಿನ ಪಲ್ಲವಿ:

ತೆರೆದಿದೆ ಬಾಗಿಲು ತಂದೆಯ ಮನೆಯಲಿ,
ತಡ ಮಾಡಬೇಡವೋ ಮನವೇ.

ಹೆಲೆನ ಒಂದೊಂದು ಚರಣದ ಕೆಳಗೂ ಈ ಎರಡು ಸಾಲನ್ನು ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಬರೆದಳು. ಬೆರಳು ಬೆಂಡೆಕಾಯಿಯಂತೆ ಬಿಗಿಯಿತು.

"ಖಾಲಾ, ಒಂದೇ ಮಾತು ಐದು ಸಲ ಯಾಕ ಬರೀತೀರಿ?"

"ಐದು ಸಲ ಹಾಡ್ತೇವಿ, ಅದಕ್ಕ."

"ನಿಮ್ಮ ಹಾಡಿನ ಪುಸ್ತಕದಾಗೂ ಐದು ಸಲ ಅಚ್ಚು ಮಾಡ್ಯಾರೇನು?"

ಹೆಲೆನ ಚೀಲದಿಂದ ಪುಸ್ತಕ ತೆಗೆದು ನೋಡಿದಳು. ಪಲ್ಲವಿ ತಲೆಯ ಮೇಲೆ ಒಮ್ಮೆ ಮಾತ್ರ ಇತ್ತು. ಪ್ರತಿ ಚರಣದ ಕೊನೆಗೆ ಒಂದು ಒಂಟಿ 'ಪ', ಅಷ್ಟೇ. ಆ 'ಪ' ಕಂಡ ತಕ್ಷಣ ಇಡೀ ಸಭೆ ತಾನಾಗಿಯೇ ಮೇಲಿನ ಎರಡು ಸಾಲಿಗೆ ಹೋಗಿ, ಹಾಡಿ, ಬಿಟ್ಟ ಜಾಗಕ್ಕೆ ತಿರುಗಿ ಬರುತ್ತಿತ್ತು.

"ಇದಕ್ಕs ನಾವು ಫಂಕ್ಷನ್ ಅಂತೇವಿ," ಎಂದಳು ವಹೀದಾ. "ಒಮ್ಮೆ ಬರದು ಹೆಸರಿಡ್ರಿ. ಬೇಕಾದಾಗ ಹೆಸರು ಹಿಡದು ಕರೀರಿ. ಅದು ಬರ್ತದ, ಕೆಲಸ ಮಾಡ್ತದ, ಹೋಗ್ತದ."

"ಚಾ ಕೇಳೂದಿಲ್ಲೇನು?"

"ಇಲ್ರಿ."

"ಹಂಗಂದ್ರ ನಮ್ಮ ವಾರ್ಡ್ ಬಾಯ್‌ಕಿಂತ ಛಲೋ ಅದ."

ಬೇರೆ ಬೇರೆ ಚರಣವನ್ನು ತೋರಿಸುವುದಕ್ಕೂ ಒಂದೇ ಫಂಕ್ಷನ್ ಸಾಕು, ಕರೆಯುವಾಗ ಯಾವ ಚರಣ ಎಂದು ಅದರ ಕೈಗೆ ಕೊಟ್ಟರೆ ಆಯಿತು ಎಂದು ವಹೀದಾ ಹೇಳಿದಾಗ ಹೆಲೆನ ಕೈ ಅಡ್ಡ ಮಾಡಿದಳು. "ತಿಳೀತು ಬಿಡು. ಸೂಜಿ ಹಾಕೂ ಪದ್ಧತಿ ಒಂದs. ಸಿರಿಂಜಿನಾಗ ಔಷಧ ಬ್ಯಾರೆ ಬ್ಯಾರೆ."

ಲೂಪಿನ ಹತ್ತಿರ ಎತ್ತು ಕೆಸರಿಗೆ ಬಿತ್ತು. ಲೂಪ್ ಎಂದರೆ ಹೇಳಿದ ಕೆಲಸವನ್ನು ಮತ್ತೆ ಮತ್ತೆ ಮಾಡುವುದು. ನಮ್ಮ ಹಿರಿಯರು ಹಾಡಿದ್ದೇ ಹಾಡುವ ಕಿಸಬಾಯಿದಾಸ ಎಂದು ಬೈದರಲ್ಲ, ಆ ದಾಸನನ್ನು ಹಿಡಿದು ಸಂಬಳವಿಲ್ಲದ ಕೆಲಸಕ್ಕೆ ಹಚ್ಚಿದ ಹಾಗೆ. ವಾರ್ಡಿನ ಸುತ್ತು ಎಂದು ತಿಳಿಯಿರಿ, ಒಂದೊಂದೇ ಮಂಚಕ್ಕೆ ಹೋಗಿ ಅದೇ ಕೆಲಸ ಮಾಡುವುದು ಎಂದು ವಹೀದಾ ಹೇಳಿಕೊಟ್ಟಳು. ಆದರೆ ಎಣಿಕೆ ಸೊನ್ನೆಯಿಂದ ಶುರು ಎಂದದ್ದೇ ಹೆಲೆನ ಕುರ್ಚಿ ಹಿಂದಕ್ಕೆ ತಳ್ಳಿದಳು.

"ಸೊನ್ನಿ ನಂಬರ್ ಮಂಚ ಎಲ್ಲದ? ಅದರ ಮ್ಯಾಲ ಯಾರು ಮಲಗ್ಯಾರ?"

"ಮೊದಲನೇದಕ್ಕs ಸೊನ್ನಿ ಅಂತಾರ ಖಾಲಾ."

"ಯಾಕ?"

"ಕಂಪ್ಯೂಟರಿನ ಪದ್ಧತಿ."

"ಹುಚ್ಚರ ಪದ್ಧತಿ," ಎಂದಳು ಹೆಲೆನ. ಆದರೂ ಬರೆದಳು. ಬರೆದು ಓಡಿಸಿದಳು. ಪುಟ ಕಲ್ಲಾಯಿತು. ಪರದೆಯ ಬಾಣ ಅಲುಗದು, ಗುಂಡಿ ಒತ್ತಿದರೂ ಏನೂ ಆಗದು, ಯಂತ್ರದ ಹೊಟ್ಟೆಯೊಳಗಿನ ಫ್ಯಾನು ಬಿಸಿಲಿಗೆ ಸಿಕ್ಕ ನಾಯಿಯಂತೆ ತೇಕತೊಡಗಿತು. ವಹೀದಾ ಬಗ್ಗಿ ನೋಡಿ ಹೊಟ್ಟೆ ಹಿಡಿದು ನಕ್ಕಳು.

"ಖಾಲಾ, ಮುಂದಿನ ಮಂಚಕ್ಕ ಹೋಗು ಅಂತ ಹೇಳೂದs ಮರತೀರಿ. ಮೊದಲನೇ ರೋಗಿಗೇ ಸೂಜಿ ಚುಚ್ಚಿಕೋತ ನಿಂತದ ಅದು."

ಹೆಲೆನ ಗಾಬರಿಯಿಂದ, "ಸತ್ತನೇನು?" ಎಂದಳಂತೆ.

ರೇಡಿಯೊ ರಿಪೇರಿಯನ್ನು ಯಾರ ಕಾಲಿಗೂ ಬೀಳದೆ ಕಲಿತವನು ನಾನು, ಆ ಧೈರ್ಯದ ಮೇಲೆ ಹೇಳುತ್ತೇನೆ: ನೆಟ್ಟಗೆ ಓಡುವ ಯಂತ್ರ ಯಾರಿಗೂ ಏನೂ ಕಲಿಸದು. ಅಂದು ಆ ಪುಟ ಕಲ್ಲಾದದ್ದರಿಂದಲೇ ಹೆಲೆನಳಿಗೆ ಲೂಪಿನ ಗುಟ್ಟು ಸಿಕ್ಕಿತು. ಶುರು ಮಾಡುವುದಕ್ಕೆ ಯಾವ ಜಾಣತನವೂ ಬೇಡ. ನಿಲ್ಲುವುದು ಯಾವಾಗ ಎಂಬುದರಲ್ಲೇ ಎಲ್ಲ ಇರುವುದು. ಇದು ಭಾಷಣಕಾರರಿಗೂ ಗೊತ್ತಿದ್ದರೆ ನಮ್ಮ ಭಾನುವಾರಗಳು ಇನ್ನಷ್ಟು ಸುಖವಾಗಿರುತ್ತಿದ್ದವು.

ಈಗ ಸುಗ್ಗಿ ಹಬ್ಬದ ಪದ್ಧತಿ. ತೊಗರಿ, ಜೋಳ ಮನೆಗೆ ಬಂದ ಮೇಲೆ ಒಂದು ಭಾನುವಾರ ಪ್ರತಿ ಮನೆಯವರೂ ತಮ್ಮ ಬೆಳೆಯ ಒಂದು ಪಾಲನ್ನು ತಂದು ವೇದಿಕೆಯ ಮುಂದೆ ಇಡುತ್ತಾರೆ. ಮನೆಗೊಂದು ಕಾಣಿಕೆ. ಕೊನೆಯ ಚರಣ ಮುಗಿದ ಮೇಲೆ ಕಾಣಿಕೆ ಶುರು. ಕೊನೆಯ ಮನೆಯವರು ತಂದಿಡುವ ತನಕ ಸಭೆ ಪಲ್ಲವಿಯನ್ನು ಹಾಡುತ್ತಲೇ ಇರಬೇಕು. ನಡುವೆ ನಿಲ್ಲಿಸಿದರೆ ಹಿಂದುಳಿದ ಮನೆಯ ಮುಖದ ಮೇಲೆ ಬಾಗಿಲು ಹಾಕಿದಂತೆ. ಹೀಗೆ ಅವಮಾನ ಮಾಡಿಸಿಕೊಂಡ ಮನೆಯೊಂದು ಹಿಂದೆ ಯಾವಾಗಲೋ ಚರ್ಚನ್ನೇ ಬಿಟ್ಟು ಹೋಯಿತಂತೆ. ಅಂದಿನಿಂದ ಪಲ್ಲವಿ ನಡೆಯುತ್ತಿದೆ ಎಂದರೆ ಯಾರೋ ಬರುವುದು ಬಾಕಿ ಇದೆ ಎಂದು ಅರ್ಥ. ನಮ್ಮಲ್ಲಿ ಹತ್ತು ಆಜ್ಞೆಗಳನ್ನು ಮುರಿದವರಿದ್ದಾರೆ, ಇದನ್ನು ಮುರಿದವರಿಲ್ಲ.

ಹೆಲೆನಳ ಯೋಜನೆ ಹೀಗಿತ್ತು. ಮನೆಗಳ ಲೆಕ್ಕ ನಲವತ್ತೊಂದು, ಅವಳಿಗೆ ಬಾಯಿಪಾಠ. ಅಂಗೈಯಲ್ಲಿ ತಂತಿಯಿಲ್ಲದ ಒಂದು ಸಣ್ಣ ಮೌಸು. ಒಂದು ಮನೆ ಬಂದು ಕಾಣಿಕೆ ಇಟ್ಟರೆ ಒಂದು ಸಲ ಒತ್ತುವುದು. ಲೆಕ್ಕದಲ್ಲಿ ಒಂದು ಇಳಿಯುತ್ತದೆ. ಪ್ರತಿ ಪಲ್ಲವಿ ಮುಗಿದಾಗ ಪುಟವು ಲೆಕ್ಕವನ್ನು ನೋಡಬೇಕು: ಸೊನ್ನೆ ಆಗಿದ್ದರೆ ನಿಲ್ಲಬೇಕು, ಇಲ್ಲದಿದ್ದರೆ ಮತ್ತೆ ಪಲ್ಲವಿ. ಸಾಲುಗಳ ನಡುವೆ ತಡೆದು ತಡೆದು ತೋರಿಸುವ ತುಣುಕನ್ನು ವಹೀದಾ ಬರೆದುಕೊಟ್ಟಳು. ಬರೆದುಕೊಡುವಾಗ ಒಂದು ಮಾತು ಹೇಳಿದಳು.

"ಖಾಲಾ, 'ಸೊನ್ನಿ ಆಗೂತನಕ' ಅಂತ ಬರೀಬ್ಯಾಡ್ರಿ. 'ಸೊನ್ನಿಗಿಂತ ಹೆಚ್ಚಿದ್ದಷ್ಟು ಹೊತ್ತು' ಅಂತ ಬರೀರಿ."

"ಎರಡೂ ಒಂದs ಅಲ್ಲೇನು?"

"ಅಲ್ರಿ. ಲೆಕ್ಕ ಸೊನ್ನಿ ದಾಟಿ ಕೆಳಗ ಹೋಗಿಬಿಟ್ರ?"

"ಸೊನ್ನಿಗಿಂತ ಕಡಿಮಿ ಮನಿ ಬೀದರದಾಗ ಎಲ್ಲಿ ಅದ, ತೋರಸು ನನಗ. ಮನಿ ಅಂದ್ರ ಮನಿ. ನಮ್ಮ ಸಭಾದ ಮನಿ ನನಗ ಗೊತ್ತಿಲ್ದ ಹುಟ್ಟೂದಿಲ್ಲ, ಸಾಯೂದಿಲ್ಲ."

ವಹೀದಾ ಎರಡೂ ಕೈ ಜೋಡಿಸಿದಳು. "ಆಯ್ತ್ರಿ. ನಿಮ್ಮ ಚರ್ಚು, ನಿಮ್ಮ ಸೊನ್ನಿ."

ಹಬ್ಬದ ದಿನ ಬಂತು. ಜನವಾಡದ ಕಡೆಯಿಂದ ಟೆಂಪೊಗಳಲ್ಲಿ ತೊಗರಿ ಚೀಲ, ಜೋಳದ ತೆನೆ, ಹಸಿ ಕಡಲೆಯ ಸಿವುಡು, ಕಬ್ಬು, ಕುಂಬಳ, ಕಾಲು ಕಟ್ಟಿದ ಒಂದು ಕೋಳಿ ಬಂದು ಇಳಿದವು. ಹೊರಗೆ ದೊಡ್ಡ ಡೇಗೆಗಳಲ್ಲಿ ಮಟನ್ನು ಕುದಿಯುತ್ತಿತ್ತು, ವಾಸನೆ ಕಿಟಕಿಯಿಂದ ಬಂದು ಪ್ರಾರ್ಥನೆಯನ್ನು ಕೆಡಿಸುತ್ತಿತ್ತು. ಹೆಲೆನ ಬಿಳಿ ಸೀರೆ ಉಟ್ಟು ತನ್ನ ಕಲ್ಲಿನ ಮೇಲೆ ನಿಂತಿದ್ದಳು, ಸೆರಗಿನ ಮರೆಯಲ್ಲಿ ಮೌಸು. ವಹೀದಾಳ ಅಂಗಡಿಯ ಹಳೆಯ ಲ್ಯಾಪ್‌ಟಾಪು ವೇದಿಕೆಯ ಮುಂದಿನ ಸಣ್ಣ ಮೇಜಿನ ಮೇಲಿತ್ತು.

ಮೊದಲ ಚರಣ ಪರದೆಯ ಮೇಲೆ ಬಂತು. ಅದಕ್ಕಿಂತ ಅರೆಗಳಿಗೆ ಮುಂಚೆ ಹೆಲೆನಳ ದನಿ. ಸಭೆ ಹಾಡಿತು. ಪಲ್ಲವಿ ಬಂತು, ಹೋಯಿತು. ಎರಡನೆಯದು, ಮೂರನೆಯದು, ಒಂದಕ್ಷರ ತಪ್ಪಲಿಲ್ಲ. ಜೇಮ್ಸನ ಮುಖ ಹುಣಸೆಕಾಯಿ ಕಚ್ಚಿದವನಂತೆ ಆಯಿತು.

ಕಾಣಿಕೆ ಶುರುವಾಯಿತು. ಮನೆಯ ಮೇಲೆ ಮನೆ ಎದ್ದು ಬಂತು, ಹೆಲೆನಳ ಹೆಬ್ಬೆರಳು ಟಿಕ್ ಎಂದಿತು. ಚೀಲದ ಮೇಲೆ ಚೀಲ ಬಿದ್ದು, ಸಣ್ಣ ಮೇಜು ತೊಗರಿಯ ಹಿಂದೆ ಮುಚ್ಚಿಹೋಯಿತು. ಕಾರ್ಯದರ್ಶಿಯ ಮನೆ ಕೊನೆಗೆ ಬರಬೇಕೆಂಬುದು ಜೇಮ್ಸನೇ ತಂದ ಪದ್ಧತಿ. ಅವನು ಕೋಟಿನ ಗುಂಡಿ ಹಾಕಿಕೊಂಡು, ಜೋಳದ ಬುಟ್ಟಿ ಹಿಡಿದು, ಹೆಂಡತಿಯೊಡನೆ ಮದುಮಗನಂತೆ ಎದ್ದ. ಅಷ್ಟರಲ್ಲಿ ಆಚೆ ಬದಿಯ ಬೆಂಚಿನಿಂದ ತಮ್ಮ ಜಾನಿಯೂ ಎದ್ದ. ಅವನ ಕೈಯಲ್ಲೂ ಒಂದು ಬುಟ್ಟಿ, ಹಿಂದೆ ಅವನ ಹೆಂಡತಿ. ಜೇಮ್ಸ ನಡಿಗೆ ಬಿರುಸು ಮಾಡಿದ. ಜಾನಿ ಇನ್ನೂ ಬಿರುಸು ಮಾಡಿದ. ಅಣ್ಣತಮ್ಮಂದಿರು ಮೊಣಕೈಗೆ ಮೊಣಕೈ ತಾಗಿಸುತ್ತ ಎರಡೂ ಬುಟ್ಟಿಯನ್ನು ಒಟ್ಟಿಗೇ ಇಟ್ಟರು. ಕೈ ಕಲಿತ ಅಭ್ಯಾಸ, ಹೆಲೆನಳ ಹೆಬ್ಬೆರಳು ಎರಡು ಸಲ ಟಿಕ್ ಟಿಕ್ ಎಂದಿತು.

ಪಲ್ಲವಿ ಮುಗಿಯಿತು. ಪುಟ ಲೆಕ್ಕ ನೋಡಿತು. ಸೊನ್ನೆ ಇರಲಿಲ್ಲ, ಸೊನ್ನೆಗಿಂತ ಒಂದು ಕೆಳಗಿತ್ತು. ಸೊನ್ನೆ ಆದಾಗ ನಿಲ್ಲು ಎಂದು ಹೇಳಿದ್ದಳೇ ಹೊರತು ಸೊನ್ನೆ ದಾಟಿದರೆ ಏನು ಮಾಡು ಎಂದು ಹೇಳಿರಲಿಲ್ಲ. ಪುಟ ಮತ್ತೆ ತೋರಿಸಿತು: ತೆರೆದಿದೆ ಬಾಗಿಲು ತಂದೆಯ ಮನೆಯಲಿ.

ಸಭೆ ಹಾಡಿತು. ಮುಗಿಸಿತು. ಮತ್ತೆ ಬಂತು. ಮತ್ತೆ ಹಾಡಿತು. ಕತ್ತುಗಳು ತಿರುಗತೊಡಗಿದವು. ಹೆಲೆನಳಿಗೂ ಯಂತ್ರದ ಮೇಲೆ ಅನುಮಾನ ಬರಲಿಲ್ಲ. ಯಾವುದೋ ಮನೆ ಬಾಕಿ ಇದೆ ಎಂದೇ ಅವಳೂ ಬಾಗಿಲ ಕಡೆ ನೋಡುತ್ತ ಸಾಲು ಹೇಳುತ್ತಿದ್ದಳು. ನನ್ನ ಮುಂದಿನ ಬೆಂಚಿನಲ್ಲಿ ಹಾಡಿನ ನಡುನಡುವೆ ಪಿಸುಮಾತು ನಡೆದಿತ್ತು.

"ಯಾರು ಉಳದಾರ್ರಿ?"

"ನಿಮ್ಮದಾಯ್ತೇನು?"

"ನಂದಾಯ್ತು. ಆ ಕುಂಬಳಕಾಯಿ ನಂದs ಅದ."

"ಭಾಳ ಸಣ್ಣದಿತ್ತಲ್ರಿ. ಲೆಕ್ಕಕ್ಕ ಹಿಡದಿಲ್ಲೇನೊ ಮಷಿನು."

ಕುಂಬಳಕಾಯಿಯವನ ಕಿವಿ ಕೆಂಪಾದವು. ಎದ್ದು ಹೊರಗೆ ಹೋದ. ತಂಗಿಯ ಮನೆಗೆಂದು ಗಾಡಿಯಲ್ಲಿ ಇಟ್ಟಿದ್ದ ದೊಡ್ಡ ಕುಂಬಳವನ್ನು ತಬ್ಬಿಕೊಂಡು ತಂದು ಇಟ್ಟ. ಟಿಕ್. ಲೆಕ್ಕ ಇನ್ನೊಂದು ಕೆಳಗಿಳಿಯಿತು. ಪಲ್ಲವಿ ನಿಲ್ಲಲಿಲ್ಲ.

ಅಷ್ಟೇ ಸಾಕಾಯಿತು. ತನ್ನ ಕಾಣಿಕೆ ದೇವರಿಗೆ ಸಾಲಲಿಲ್ಲ ಎಂದು ಒಬ್ಬೊಬ್ಬರಿಗೂ ಅನಿಸತೊಡಗಿತು. ತೊಗರಿಯಲ್ಲಿ ಹೊಟ್ಟು ಬೆರೆಸಿ ತಂದವನು ಬೈಕು ಹತ್ತಿ ಮನೆಗೆ ಓಡಿದ, ಹಸನಾದ ಚೀಲ ತಂದ. ಟಿಕ್. ಯಾರೋ ಹೆಂಗಸು ಸೆರಗಿನ ಗಂಟಿನಲ್ಲಿದ್ದ ಬೆಲ್ಲದ ತುಂಡನ್ನು ಇಟ್ಟಳು. ಟಿಕ್. ನಾನು ಜೇಬಿನಲ್ಲಿದ್ದ ಹುರಿದ ಶೇಂಗಾವನ್ನೇ ಇಟ್ಟು ಬಂದೆ. ಕೊಟ್ಟಷ್ಟೂ ಲೆಕ್ಕ ಸೊನ್ನೆಯಿಂದ ದೂರ ಹೋಗುತ್ತಿತ್ತು, ದೂರ ಹೋದಷ್ಟೂ ಪಲ್ಲವಿ ನಡೆಯುತ್ತಿತ್ತು, ನಡೆದಷ್ಟೂ ಜನ ಕೊಡುತ್ತಿದ್ದರು. ತಡ ಮಾಡಬೇಡವೋ ಮನವೇ ಎಂದು ಹಾಡುತ್ತ ಹಾಡುತ್ತ ನಮಗೆ ಊಟ ತಡವಾಯಿತು, ಹೊರಗೆ ಮಟನ್ನಿನ ತಳ ಹಿಡಿದ ವಾಸನೆ ಬಂತು. ಹಗ್ಗ ಬಿಚ್ಚಿಕೊಂಡ ಕೋಳಿ ಲ್ಯಾಪ್‌ಟಾಪಿನ ಬೆಚ್ಚಗಿನ ಮೈಮೇಲೆ ಹತ್ತಿ ಕೂತು ಕಣ್ಣು ಮುಚ್ಚಿತು.

ನಮ್ಮ ಪಾಸ್ಟರ್ ಸಾಹೇಬರು ಕೊಡುವವರಲ್ಲ, ಕೊಡಿಸುವವರು. ಎಷ್ಟೋ ಸುಗ್ಗಿಗಳನ್ನು ಅವರು ಕೈ ಕಟ್ಟಿಕೊಂಡೇ ದಾಟಿದ್ದರು. ಈಗ ಸಭೆಯ ಕಣ್ಣು ಒಂದೊಂದಾಗಿ ಅವರ ಮೇಲೆ ಬಿದ್ದವು. ಅವರು ಮೇಲೆ ನೋಡಿದರು, ಬೈಬಲ್ ನೋಡಿದರು, ಗಡಿಯಾರ ನೋಡಿದರು. ಕಡೆಗೆ ಪಕ್ಕದ ಬಾಗಿಲಿನಿಂದ ಇಳಿದು ಹೋಗಿ, ಕ್ರಿಸ್‌ಮಸ್ಸಿಗೆ ಯಾರೋ ಕೊಟ್ಟಿದ್ದ ತುಪ್ಪದ ಡಬ್ಬಿ ತಂದು, ಸೀಲು ಒಡೆಯದ್ದನ್ನೇ, ಇಟ್ಟರು. ಮುಖ ಮಾತ್ರ ಹಲ್ಲು ಕೀಳಿಸಿಕೊಂಡವರ ಮುಖ. ಟಿಕ್.

ಪಾಸ್ಟರ್ ಕೊಟ್ಟ ಮೇಲೂ ಪಲ್ಲವಿ ನಿಲ್ಲದಿದ್ದಾಗ ಹೆಲೆನಳಿಗೆ ಮೊದಲ ಸಲ ಲೆಕ್ಕದ ಮೇಲೆ ಅನುಮಾನ ಬಂತು. ಬಾಯಿ ಸಾಲು ಹೇಳುತ್ತಿತ್ತು, ತಲೆಯೊಳಗೆ ಅವಳು ವಾರ್ಡಿನ ಸುತ್ತು ಹೊರಟಳು. ಮೊದಲನೇ ಮನೆ, ಬಂತು. ಅದರ ಪಕ್ಕದ್ದು, ಬಂತು. ಹಾಗೆ ಮಂಚದಿಂದ ಮಂಚಕ್ಕೆ ನಡೆಯುತ್ತ ಕೊನೆಯ ಮಂಚಕ್ಕೆ ಬಂದರೆ ಅದರ ಮೇಲೆ ಇಬ್ಬರು ಮಲಗಿದ್ದರು. ಎರಡು ಬುಟ್ಟಿ. ಎರಡು ಟಿಕ್.

"ನಿಲ್ರಿ!"

ವಾರ್ಡಿನ ದನಿ. ಸಭೆಯ ಬಾಯಿ ಕಟ್ಟಿತು. ಕೋಳಿ ಕಣ್ಣು ಬಿಟ್ಟಿತು. ಪರದೆ ಮಾತ್ರ ಹಿಂದೆ ತನ್ನ ಪಾಡಿಗೆ ಬಾಗಿಲು ತೆರೆಯುತ್ತಲೇ ಇತ್ತು.

"ಜೇಮ್ಸಾ, ನಿಮ್ಮ ಮನಿ ಒಂದೊ, ಎರಡೊ?"

"ಆರಾಧನಿ ನಡದಾಗ ಇದೇನ್ರಿ ಸಿಸ್ಟರ್ ಪ್ರಶ್ನಿ?"

"ನಾ ಕೇಳ್ಲತ್ತಿಲ್ಲಪ್ಪ. ಮಷಿನ್ ಕೇಳ್ಲತ್ತದ."

ಜೇಮ್ಸ ಕೋಟಿನ ಗುಂಡಿ ಬಿಚ್ಚಿದ, ಹಾಕಿದ. ಹೆಂಗಸರ ಸಾಲಿನಿಂದ ಅವರ ತಾಯಿ ಸುಂದರಬಾಯಿ ಕೋಲೂರಿ ಎದ್ದು ನಿಂತಳು.

"ಎರಡಾಗ್ಯಾವ ಸಿಸ್ಟರ್. ಎಳ್ಳ ಅಮಾಸಿ ಮುಂಚೇನs ಒಲಿ ಬ್ಯಾರೆ ಆದ್ವು. ಎತ್ತು ಹಂಚ್ಕೊಂಡ್ರು, ಹೊಲ ಹಂಚ್ಕೊಂಡ್ರು, ಕಡೀಕ ನನ್ನೂ ಹಂಚ್ಕೊಂಡ್ರು. ಮುಂಜಾನಿ ಚಾ ಇಲ್ಲಿ, ಸಂಜೀಕ ರೊಟ್ಟಿ ಅಲ್ಲಿ. ಈ ನನ್ನ ಮಗ ಮಾತ್ರ ಒಡೀದ ಮನಿ, ಒಡೀದ ಮನಿ ಅಂತ ಮೈಕಿನಾಗ ಒದರ್ತಾನ."

ಹಿಂದಿನ ಬೆಂಚುಗಳಿಂದ ಎದ್ದ ನಗೆಯನ್ನು ಪಾಸ್ಟರ್ ಅವಸರದಲ್ಲಿ ಆಶೀರ್ವಾದ ಹೇಳಿ ಮುಚ್ಚಿದರು. ಹೆಲೆನ ಚೀಲಗಳನ್ನು ದಾಟಿ ಹೋಗಿ, ಕೋಳಿಯನ್ನು ಎತ್ತಿ ಪಕ್ಕಕ್ಕಿಟ್ಟು, ಲ್ಯಾಪ್‌ಟಾಪು ಮುಚ್ಚಿದಳು.

ಊಟದ ಪಂಕ್ತಿಯಲ್ಲಿ ಜೇಮ್ಸ ಬಂದು ಎದುರಿಗೆ ನಿಂತ. ಮಾನ ಹೋದವನಿಗೆ ಕರಾರು ನೆನಪಾಗಿತ್ತು. "ಮನಿ ಮಾತು ಬ್ಯಾರೆ, ಮಷಿನ್ ಮಾತು ಬ್ಯಾರೆ. ಮಷಿನ್ ತಪ್ಪಿತೊ ಇಲ್ಲೊ, ಹೇಳ್ರಿ."

ನಾವೆಲ್ಲ ಹೆಲೆನ ಅವನ ಜನ್ಮ ಜಾಲಾಡುತ್ತಾಳೆ ಎಂದು ತಟ್ಟೆ ಹಿಡಿದು ಕಾದೆವು. ಅವಳು ತಳ ಹಿಡಿದ ಮಟನ್ನಿನ ಎಲುಬನ್ನು ಕೆಳಗಿಟ್ಟಳು.

"ತಪ್ಪಿತು. ನೀ ಮನಿ ಮುಚ್ಚಿಟ್ಟದ್ದು ಖರೆ, ಆದ್ರ ಬರದಾಕಿ ನಾನು. ವಹೀದಾ ಬಡಕೊಂಡ್ಲು, ನಾ ಕೇಳಲಿಲ್ಲ. ಕರಾರು ಅಂದ್ರ ಕರಾರು. ಬೆಂಚಿನ ಮ್ಯಾಲ ಕೂಡ್ತೇನಿ."

ಮುಂದಿನ ಭಾನುವಾರ ಹೆಲೆನ ಸುಂದರಬಾಯಿಯ ಪಕ್ಕದಲ್ಲಿ ಬಂದು ಕೂತಳು. ಕಲ್ಲು ಖಾಲಿ. ಜೇಮ್ಸನ ಭಾವಮೈದುನ ತಲೆಗೆ ಎಣ್ಣೆ ಹಚ್ಚಿ, ಹೊಸ ಲ್ಯಾಪ್‌ಟಾಪು ಹಿಡಿದು ಬಂದಿದ್ದ. ಹಾಡಿನ ಹೊತ್ತಾಯಿತು. ಪರದೆಯ ಮೇಲೆ ಹೂವಿನ ಚಿತ್ರದ ನಡುವೆ ಮೊದಲ ಚರಣ ಮೂಡಿತು.

ಯಾರೂ ಹಾಡಲಿಲ್ಲ.

ಹಟ ಮಾಡಿದ್ದಲ್ಲ, ಸಂಚು ಮಾಡಿದ್ದೂ ಅಲ್ಲ. ನಾನೂ ಬಾಯಿ ತೆರೆದೇ ಕೂತಿದ್ದೆ, ದನಿ ಹೊರಡಲಿಲ್ಲ. ಕಿವಿಗೆ ಮೊದಲು ಸಾಲು ಬೀಳಬೇಕು, ಆಮೇಲೆ ಗಂಟಲು ಏಳಬೇಕು. ಅಜ್ಜನ ಕಾಲದ ದಾರಿ ಅದು, ಕಣ್ಣಿನ ಬಾಗಿಲಿನಿಂದ ಬಂದವರನ್ನು ನಮ್ಮ ಗಂಟಲು ಗುರುತು ಹಿಡಿಯಲಿಲ್ಲ. ಎಲ್ಲರೂ ಕಾದೆವು. ಪರದೆ ಕಾಯಲಿಲ್ಲ. ಎರಡನೇ ಚರಣ ಬಂತು, ಹೋಯಿತು. ಮೂರನೆಯದು ಬಂತು, ಹೋಯಿತು. ಪೂರಾ ಹಾಡನ್ನು ಟಿವಿ ತಾನೊಂದೇ ಮುಗಿಸಿ, ಆಮೆನ್ ತೋರಿಸಿ, ಕಪ್ಪಾಯಿತು.

"ಮುಗೀತೇನು?" ಎಂದಳು ಸುಂದರಬಾಯಿ ಗಟ್ಟಿಯಾಗಿ. "ಇನ್ನಾ ಸುರುನs ಆಗಿಲ್ಲಲ್ಲ!"

ಪಾಸ್ಟರ್ ಕೆಮ್ಮಿದರು. "ಹೆಲೆನ ಸಿಸ್ಟರ್, ಬರ್ರಿ."

ಹೆಲೆನ ಏಳಲಿಲ್ಲ. "ಕರಾರು ಮಾಡಿದಾತ ಕರೀಲ್ರಿ."

ಎಲ್ಲರೂ ಜೇಮ್ಸನ ಕಡೆ ತಿರುಗಿದರು. ಅವನು ಭಾವಮೈದುನನನ್ನು ನೋಡಿದ. ಭಾವಮೈದುನ ಗುಂಡಿ ಒತ್ತುತ್ತ, ತನ್ನದೇನೂ ತಪ್ಪಿಲ್ಲ ಎಂಬಂತೆ ಮತ್ತೆ ಹೂವಿನ ಚಿತ್ರ ತೋರಿಸಿದ. ಸುಂದರಬಾಯಿ ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದಳು.

"ಬರ್ರಿ ಸಿಸ್ಟರ್," ಎಂದ ಜೇಮ್ಸ, ಕಹಿ ಗುಳಿಗೆ ನುಂಗಿದವನಂತೆ.

"ಹಿಂಗ ಸುಮ್ಮನ ನುಂಗಬೇಕು," ಎಂದು ಹೇಳುತ್ತ ಹೆಲೆನ ಅವನನ್ನು ದಾಟಿ ಹೋಗಿ ಕಲ್ಲಿನ ಮೇಲೆ ನಿಂತಳು. ಮೊದಲ ಸಾಲು ಹೇಳಿದಳು. ಸಭೆ ಹೊಲಕ್ಕೆ ನೀರು ಬಿಟ್ಟ ಹಾಗೆ ಹರಿಯಿತು.

ಟಿವಿಯೂ ಉಳಿಯಿತು, ಅದನ್ನು ಓಡಿಸುವವಳೂ ಅವಳೇ ಆದಳು. ಅದಾದ ಸ್ವಲ್ಪ ದಿನಕ್ಕೆ ಒಂದು ಸಂಜೆ ಪಾಸ್ಟರ್ ಸಾಹೇಬರು ಅವಳ ಮನೆಗೆ ಹೋದರು. ನಾನು ಅಲ್ಲೇ ಅವಳ ಹಳೆಯ ರೇಡಿಯೊ ಬಿಚ್ಚಿಕೊಂಡು ಕೂತಿದ್ದೆ. ಪಾಸ್ಟರ್ ಚಹ ಕುಡಿದರು, ಹವೆಯ ಮಾತಾಡಿದರು, ಎರಡನೇ ಕಪ್ಪೂ ಕುಡಿದರು.

"ಸಿಸ್ಟರ್, ಈ ಸಲದ ಸುಗ್ಗಿಗೆ ಬಂದಷ್ಟು ಕಾಣಿಕಿ ನನ್ನ ಸೇವಾದಾಗ ಎಂದೂ ಬಂದಿಲ್ಲರಿ. ಆ ಸೊನ್ನಿದೇನೊ ತಪ್ಪಿತ್ತಂತಲ್ಲ, ಅದನ್ನ ಸರಿ ಮಾಡಿದ್ರೇನು?"

"ಮಾಡೀನ್ರಿ."

"ಹಂಗಲ್ಲ, ಮುಂದಿನ ವರ್ಷದ ಹಬ್ಬ ಮುಗೀಲಿ, ಆಮ್ಯಾಲ ಸಾವಕಾಶ ಸರಿ ಮಾಡಿದ್ರ ನಡೀತಿತ್ತೇನೊ. ದೇವರ ಕೆಲಸ ನೋಡ್ರಿ."

ಹೆಲೆನ ಖಾಲಿ ಕಪ್ಪುಗಳನ್ನು ಎತ್ತಿಕೊಂಡಳು.

"ಅದು ಆಗೂದಿಲ್ರಿ. ಸೊನ್ನಿ ದಾಟೂದಿಲ್ಲ ಇನ್ನ ಅದು. ಆದ್ರ ನೀವು ಚಿಂತಿ ಮಾಡಬ್ಯಾಡ್ರಿ, ಮನಿ ಲೆಕ್ಕ ಹೆಚ್ಚು ಮಾಡೀನಿ. ನಲವತ್ತೊಂದಿತ್ತು. ಜಾನಿದು ಬ್ಯಾರೆ ಆಯ್ತಲ್ಲ, ನಲವತ್ತೆರಡಾಯ್ತು." ಅಡುಗೆಮನೆಯ ಹೊಸ್ತಿಲಲ್ಲಿ ತಿರುಗಿ ನಿಂತಳು. "ಈಗ ನಲವತ್ಮೂರು ಬರದೀನಿ. ನಿಮ್ಮ ಮನಿ ಸೇರಿ. ನಿಮ್ಮ ಡಬ್ಬಿ ಬರೂತನಕ ಪಲ್ಲವಿ ನಿಲ್ಲೂದಿಲ್ರಿ."